ಅವ್ವ ಆರಿಸಿದ ನಲವತ್ತು ನಂಬರಿನ ಎಣ್ಣೆ

ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿ ನಮ್ಮ ಮನೆ ಇತ್ತು. ಅಡುಗೆಮನೆಯ ಗೋಡೆಗೆ ಬಡಿದ ಹಲಗೆಯ ಮೇಲೆ ಎರಡು ಎಣ್ಣೆ ಡಬ್ಬಿಗಳು ಅಕ್ಕಪಕ್ಕ ಕೂತಿರುತ್ತಿದ್ದವು. ಎಡಗಡೆಯದು ಶೇಂಗಾ ಎಣ್ಣೆಯದು, ಬಲಗಡೆಯದು ಅಪ್ಪನ ಕಾರಿನದು. ಬೇರೆಯವರು ಕಾರಿನ ಎಣ್ಣೆಯನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಕಾರಿದ್ದ ಇನ್ನೊಂದು ಮನೆ ನಮ್ಮ ಓಣಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಮಾತ್ರ ಎಣ್ಣೆ ಅಂದ ಮೇಲೆ, ಅದು ಯಾವುದೇ ಇರಲಿ, ಅವ್ವನ ಕೈ ದಾಟಿಯೇ ಹೋಗಬೇಕಿತ್ತು. ಮನೆ ದೊಡ್ಡದಲ್ಲ. ಬಾಗಿಲಿಗೆ ಒಂದು ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು. ಬಾಗಿಲಿನಿಂದ ಹೊರಟ ಬೆಳಕು ಒಳಗೆ ಬರುತ್ತ ಬರುತ್ತ ಸೊರಗಿ, ಅಡುಗೆಮನೆ ಮುಟ್ಟುವ ಹೊತ್ತಿಗೆ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಪಡಸಾಲೆಯ ನಡುಗಂಬಕ್ಕೆ ಒರಗಿ ಅಪ್ಪನ ತಾಯಿ, ನನ್ನ ಅಜ್ಜಿ, ಕೂತಿರುತ್ತಿದ್ದಳು. ಅಲ್ಲಿಂದ ಅವಳಿಗೆ ಬೀದಿಯೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು. ಅವ್ವ ಎಷ್ಟು ಸಲ ಡಬ್ಬಿಗೆ ಕೈ ಹಾಕಿದಳೆಂಬುದು ಅಜ್ಜಿಗೆ ಬಾಯಿಪಾಠ.

ಅವ್ವ ಕುರುಗೋಡಿನ ಗಾಣದ ಮನೆಯ ಮಗಳು. ಸುತ್ತಮುತ್ತ ಮಿಲ್ಲುಗಳು ಬಂದು ಗಾಣಗಳೆಲ್ಲ ಒಂದೊಂದಾಗಿ ನಿಂತ ಮೇಲೂ ಅವಳ ಅಣ್ಣಂದಿರಿಬ್ಬರು ಹಿತ್ತಲ ಅಂಗಳದಲ್ಲಿ ಎತ್ತು ಕಟ್ಟಿ ಕುಸುಬೆ, ಶೇಂಗಾ ಹಾಕಿ ತಿರುಗಿಸುತ್ತಿದ್ದರು. ಆ ಅಂಗಳದಲ್ಲಿ ಅಂಬೆಗಾಲಿಟ್ಟು ಬೆಳೆದ ಅವ್ವನಿಗೆ ಎಣ್ಣೆಯನ್ನು ಕಣ್ಣಿನಿಂದ ನೋಡುವ ಗೊಡವೆಯೇ ಇರಲಿಲ್ಲ. ಒಂದು ಹನಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾಕಿ ಮೆಲ್ಲಗೆ ತಿಕ್ಕುವಳು. ಆ ಎರಡು ಬೆರಳನ್ನು ಅಗಲಿಸಿ, ಕೂಡಿಸಿ, ಮತ್ತೆ ಅಗಲಿಸುವಳು. ಆಮೇಲೆ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುವಳು. ಹೋದ ವರ್ಷದ ಕಾಯಿ, ಕಾಳು ಹಸಿ ಇತ್ತು, ಇದರೊಳಗೆ ಹತ್ತಿಕಾಳಿನ ಎಣ್ಣೆ ಬೆರೆಸಿದ್ದಾರೆ ಎಂದು ಹೇಳಿದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಓಣಿಯ ಹೆಂಗಸರು, ಆಚೆ ಕಡೆಯ ಮುಸಲ್ಮಾನರ ಮನೆಯವರು ಕೂಡ, ಅಂಗಡಿಯಿಂದ ತಂದ ಎಣ್ಣೆಯ ಶೀಷೆಯನ್ನು ಮೊದಲು ನಮ್ಮ ಕಟ್ಟೆಗೆ ತಂದು, ಅವ್ವ ಹೂಂ ಅಂದ ಮೇಲೆಯೇ ಮನೆಗೆ ಒಯ್ಯುತ್ತಿದ್ದರು. ನಮ್ಮ ಮನೆಯಲ್ಲಿ ಅವ್ವನಿಗೆ ಇದ್ದ ಮರ್ಯಾದೆ ಅದೊಂದೇ. ಒಬ್ಬಳೇ ಮಗಳನ್ನು ಹೆತ್ತವಳೆಂದು, ಸಾರಿಗೆ ಹುಳಿ ಜಾಸ್ತಿ ಹಾಕುವವಳೆಂದು, ನಡೆದರೆ ಸದ್ದಾಗುತ್ತದೆಂದು ಅಜ್ಜಿ ದಿನಕ್ಕೆ ನಾಲ್ಕು ಸಲ ಅವಳನ್ನು ಕುಕ್ಕುತ್ತಿದ್ದಳು. ಆದರೆ ತನ್ನ ಮಂಡಿಗೆ ಹಚ್ಚಿಕೊಳ್ಳುವ ಎಳ್ಳೆಣ್ಣೆ ಬಂದಾಗ ಅದೇ ಅಜ್ಜಿ ಶೀಷೆಯನ್ನು ಮಾತಿಲ್ಲದೆ ಸೊಸೆಯ ಕಡೆ ಚಾಚುತ್ತಿದ್ದಳು.

ಅಪ್ಪನ ಹೆಸರು ಬಸವರಾಜ. ಎಲ್ಲರ ಬಾಯಲ್ಲಿ ಬಸಣ್ಣ. ಅವನದು ಒಂದು ಕಪ್ಪು ಅಂಬಾಸಿಡರ್ ಕಾರು. ಬಾಡಿಗೆಗೆ ಹೋಗುತ್ತಿತ್ತು. ಹೆಚ್ಚಾಗಿ ಸಿರುಗುಪ್ಪದ ಅಕ್ಕಿ ವ್ಯಾಪಾರಿಗಳನ್ನು ಕರೆತರುವುದು, ಬಿಡುವುದು. ನಡುವೆ ಕುರುಗೋಡಿಗೆ, ಕುಡತಿನಿಗೆ ಹೋಗಿಬರುವುದು. ಬೇಸಿಗೆಯಲ್ಲಿ ಎರೆನೆಲದ ಧೂಳು ಕಾರನ್ನೂ ಅಪ್ಪನನ್ನೂ ಒಂದೇ ಬಣ್ಣ ಮಾಡಿ ಕಳಿಸುತ್ತಿತ್ತು. ಕಾರಿನ ಎಣ್ಣೆಯನ್ನು ಅವ್ವನಿಗೆ ತೋರಿಸಿದ್ದು ಮೊದಲು ಬರೀ ತಮಾಷೆಗಂತೆ. ನಾನು ಹುಟ್ಟುವ ಮೊದಲಿನ ಮಾತು. ಎರಡು ಅಂಗಡಿಯಿಂದ ತಂದ ಎಣ್ಣೆಯನ್ನು ಎರಡು ಬಟ್ಟಲಲ್ಲಿ ಹಾಕಿ, ಗಾಣದ ಮನೆಯಾಕಿ ಇದನ್ನೂ ಹೇಳು ನೋಡೋಣ ಅಂದನಂತೆ. ಅವ್ವ ಎರಡನ್ನೂ ತಿಕ್ಕಿ, ಒಂದರ ಬಟ್ಟಲನ್ನು ಆಚೆ ಸರಿಸಿ, ಇದು ಒಮ್ಮೆ ಸುಟ್ಟ ಎಣ್ಣೆ, ತೊಳೆದು ತಂದಿದ್ದಾರೆ ಅಂದಳಂತೆ. ಅಪ್ಪ ಬಟ್ಟಲನ್ನು ಮೌಲಾ ಮಿಸ್ತ್ರಿಯ ಹತ್ತಿರ ಒಯ್ದ. ಮೌಲಾ ಮಿಸ್ತ್ರಿ ಬಜಾರಿನ ತುದಿಯಲ್ಲಿ ಗ್ಯಾರೇಜು ಇಟ್ಟಿದ್ದ, ಅಪ್ಪನ ಬಾಲ್ಯದ ಗೆಳೆಯ. ಅವನು ಬೆಂಕಿಯ ಮೇಲೆ ತವೆಯಿಟ್ಟು ಎಣ್ಣೆ ಕಾಯಿಸಿ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಇಟ್ಟುಕೊಂಡನಂತೆ.

"ಬಸಣ್ಣ ಭಾಯ್, ನನ್ನ ಗ್ಯಾರೇಜಿಗೆ ಭಾಭೀನ್ನ ಕೂಡಸೋಣ, ನಾನು ನಿಮ್ಮನಿಗೆ ಬಂದು ರೊಟ್ಟಿ ಬಡೀತೀನಿ."

ಅಂದಿನಿಂದ ಅದು ಮನೆಯ ರೂಢಿಯಾಯಿತು. ಎಣ್ಣೆ ಯಾವುದಿರಬೇಕೆಂಬುದು ಅಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಚಳಿಯ ತಿಂಗಳುಗಳಿಗೆ ಮೂವತ್ತು ನಂಬರಿನದು, ಯುಗಾದಿಯಿಂದ ಆಚೆಗೆ ಅದಕ್ಕಿಂತ ಮಂದವಾದ ನಲವತ್ತರದು. ಬಳ್ಳಾರಿಯ ಬಿಸಿಲಿಗೆ ಮೂವತ್ತರ ಎಣ್ಣೆ ನೀರಾಗಿ ಇಂಜಿನ್ನಿನೊಳಗೆ ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ. ಆದರೆ ಡಬ್ಬಿಯ ಮೇಲೆ ನಲವತ್ತು ಎಂದು ಬರೆದಿದ್ದರೆ ಒಳಗಿರುವುದೂ ನಲವತ್ತೇ ಎಂದು ನಂಬಲು ಅವ್ವ ತಯಾರಿರಲಿಲ್ಲ. ಅಜ್ಜಿಯ ಹಿತ್ತಾಳೆ ತಾಟನ್ನು ಬಿಸಿಲಿಗಿಟ್ಟು ಕಾಯಿಸಿ, ಅದರ ಅಂಚಿನಲ್ಲಿ ಹಳೆಯ ಒಳ್ಳೆ ಎಣ್ಣೆಯ ಒಂದು ಹನಿ, ಹೊಸದರ ಒಂದು ಹನಿ ಅಕ್ಕಪಕ್ಕ ಬಿಟ್ಟು ತಾಟನ್ನು ಓರೆ ಮಾಡುವಳು. ಹನಿಗಳು ಇಳಿಯುವುದನ್ನು ನಾನು ನೆಲಕ್ಕೆ ಗದ್ದ ಹಚ್ಚಿ ನೋಡುತ್ತಿದ್ದೆ. ಮುಂದೆ ಓಡಿದ್ದು ತೆಳ್ಳಗಿನದು, ಅದು ಬೇಡ. ಇಳಿಯಲು ಮನಸ್ಸಿಲ್ಲದೆ ಅಲ್ಲೇ ಕೂತಿದ್ದೂ ಬೇಡ, ಮುಂಜಾನೆ ಇಂಜಿನ್ ಹತ್ತುವುದಿಲ್ಲ. ಹಳೆಯದರ ಜೊತೆ ಹೆಜ್ಜೆ ಹಾಕಿ ಬಂದದ್ದೇ ಸರಿ. ಆಮೇಲೆ ತಾಟನ್ನು ಸೀಗೆಪುಡಿ, ಬೂದಿ ಎರಡೂ ಹಾಕಿ ತಿಕ್ಕಿದರೂ ಅಜ್ಜಿ ಊಟಕ್ಕೆ ಕೂತಾಗ ಮೂಗು ಅರಳಿಸಿಯೇ ಕೂರುತ್ತಿದ್ದಳು.

"ಸತ್ತ ಮ್ಯಾಲ ನನಗ ಗಂಗಾಜಲ ಬ್ಯಾಡ್ರಲೇ, ಇದನ್ನ ಒಂದ್ ಚಮಚ ಬಿಡ್ರಿ. ಬಾಯಿಗೆ ರೂಢಿ ಆಗೇತಿ."

ಎಣ್ಣೆ ಬದಲಿಸುವುದು ಅಮಾವಾಸ್ಯೆಗೆ. ಅಂದು ನಮ್ಮ ಕಡೆ ಯಾರೂ ಪ್ರಯಾಣ ಹೊರಡುವುದಿಲ್ಲ, ಬಾಡಿಗೆ ಸಿಗುವುದಿಲ್ಲ, ಕಾರು ಮನೆಯ ಮುಂದೆಯೇ ಇರುತ್ತದೆ. ಹಾಗಾಗಿ ಎರಡು ಅಮಾವಾಸ್ಯೆ ಬಿಟ್ಟು ಮೂರನೆಯದಕ್ಕೆ ಎಣ್ಣೆ, ಫಿಲ್ಟರ್ ಎರಡೂ ಹೊಸದು. ಗಾಡಿ ಚಂದ್ರನ್ನ ನೋಡಂಗಿಲ್ಲ, ಮೈಲಿ ನೋಡತೈತಿ ಎಂದು ಮೌಲಾ ಮಿಸ್ತ್ರಿ ಬೈಯುತ್ತಿದ್ದ. ಅದಕ್ಕೂ ಅವ್ವನೇ ಉತ್ತರ. ನಡುನಡುವೆ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ತುದಿಯನ್ನು ಬೆರಳಿನಲ್ಲಿ ಹಿಡಿದು, ಇನ್ನೂ ಜೀವ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಇದ್ದು ಕಾರಿಗೆ ಬಿಡುವಿಲ್ಲದ ದಿನಗಳಲ್ಲಿ, ಅಮಾವಾಸಿ ತನಕ ಕಾಯಬ್ಯಾಡ್ರಿ ಎಂದು ಅವಳೇ ನೆನಪಿಸಿದ್ದೂ ಉಂಟು. ಫಿಲ್ಟರಿನ ಆಯ್ಕೆ ಅಪ್ಪನದು. ಬಜಾರಿನಲ್ಲಿ ನೋಡಲು ಒಂದೇ ಥರದ ಹತ್ತು ಸಿಗುತ್ತಿದ್ದವು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ಮಡಿಕೆಗಳನ್ನು ನೋಡುತ್ತಿದ್ದ, ಅಂಗೈಯಲ್ಲಿ ಒತ್ತಿ ಕುಸಿಯುವುದೋ ನೋಡುತ್ತಿದ್ದ, ಜೊತೆಗೆ ಬಂದ ರಬ್ಬರ್ ರಿಂಗು ಅಳತೆಗೆ ಇದೆಯೋ ಎಂದು ತನ್ನ ನೆನಪಿನ ಮೇಲೆ ಅಳೆಯುತ್ತಿದ್ದ.

ಆ ರಿಂಗಿನ ಕೆಲಸ ನನ್ನದು. ಕಾರಿನ ಕೆಳಗೆ, ಇಂಜಿನ್ನಿನ ಪಕ್ಕ, ತಂಬಿಗೆಯಂಥ ಒಂದು ಕಬ್ಬಿಣದ ಚಿಪ್ಪಿನೊಳಗೆ ಫಿಲ್ಟರ್ ಕೂತಿರುತ್ತದೆ. ಚಿಪ್ಪಿನ ಬಾಯಿ ಇಂಜಿನ್ನಿಗೆ ತಾಗುವಲ್ಲಿ ಒಂದು ಸಣ್ಣ ಸಂದು ಕೊರೆದಿದ್ದು, ಅದರಲ್ಲಿ ಕಪ್ಪು ರಬ್ಬರಿನ ರಿಂಗು. ಎಣ್ಣೆ ಹೊರಗೆ ಚೆಲ್ಲದಂತೆ ಕಾಯುವುದು ಅದೇ. ಹಳೆಯ ರಿಂಗು ಬಿಸಿಗೆ ಗಟ್ಟಿಯಾಗಿ ಆ ಸಂದಿನಲ್ಲಿ ಅಂಟಿಕೊಂಡಿರುತ್ತದೆ. ಕಣ್ಣಿಗೆ ಅದೂ ಕಬ್ಬಿಣದ ಹಾಗೆಯೇ ಕಾಣುತ್ತದೆ. ಅಪ್ಪನ ದಪ್ಪ ಬೆರಳು ಅಲ್ಲಿ ಹೋಗುತ್ತಿರಲಿಲ್ಲ. ಗೋಣಿಚೀಲ ಹಾಸಿಕೊಂಡು ನಾನು ಕಾರಿನ ಕೆಳಗೆ ನುಸುಳಿ, ಚೀಲ ಹೊಲಿಯುವ ದಬ್ಬಣದಿಂದ ಅದನ್ನು ಎಬ್ಬಿಸಿ ಎಳೆದು ತೆಗೆಯುತ್ತಿದ್ದೆ. ತೆಗೆದ ರಿಂಗು ನನಗೆ. ಸೀಗೆಪುಡಿ ಹಾಕಿ ತೊಳೆದು ಕೈಗೆ ಬಳೆಯಂತೆ ಏರಿಸಿಕೊಳ್ಳುತ್ತಿದ್ದೆ. ಸಾಲೆಯ ಹುಡುಗಿಯರ ಗಾಜಿನ ಬಳೆ ಒಡೆಯುತ್ತಿದ್ದವು, ಗಲಗಲ ಅನ್ನುತ್ತಿದ್ದವು. ನನ್ನವು ಸದ್ದೇ ಮಾಡುತ್ತಿರಲಿಲ್ಲ, ಒಡೆಯುತ್ತಲೂ ಇರಲಿಲ್ಲ. ಹನ್ನೊಂದನೆಯ ವಯಸ್ಸಿಗೆ ನನ್ನ ಹತ್ತಿರ ಅಂಥ ಒಂಬತ್ತು ಇದ್ದವು.

ಆ ವರ್ಷ ಯುಗಾದಿಯ ಅಮಾವಾಸ್ಯೆ ಹೊತ್ತಿಗೆ ಅಪ್ಪ ಯಾವಾಗಲೂ ತರುತ್ತಿದ್ದ ಸೀಲು ಹಾಕಿದ ಡಬ್ಬಿ ಬಳ್ಳಾರಿಯಲ್ಲಿ ಎಲ್ಲಿಯೂ ಸಿಗಲಿಲ್ಲ. ಬಿಡಿ ಎಣ್ಣೆ ಮಾತ್ರ, ಪೀಪಾಯಿಯಿಂದ ಅಳೆದುಕೊಡುವುದು. ಅಪ್ಪ ಎರಡು ಅಂಗಡಿಯ ಎಣ್ಣೆಯನ್ನು ಕೆಮ್ಮಿನ ಔಷಧಿಯ ಎರಡು ಸಣ್ಣ ಶೀಷೆಗಳಲ್ಲಿ ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟ. ಅವನ ಮುಖ ಆಗಲೇ ಕಂದಿತ್ತು. ಕಾರುಗಳು ನಿಲ್ಲುವ ಜಾಗದಲ್ಲಿ ಯಾರೋ ಮತ್ತೆ ಕೆಣಕಿದ್ದರು. ಬಸಣ್ಣನ ಕಾರು ಹೆಂಡತಿ ಮೂಸಿದ ಮೇಲೆಯೇ ಹೊರಡುವುದು ಎಂಬ ಮಾತು ಅಲ್ಲಿ ಹಳೆಯದು. ಅಂದು ಹೊಸ ಹುಡುಗನೊಬ್ಬ ಎಲ್ಲರೆದುರು ಬೆರಳು ತಿಕ್ಕಿ ಮೂಸಿ ತೋರಿಸಿದ್ದನಂತೆ. ಅವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ಎಂದಿನಂತೆ ತಾಟು ಕಾಯಿಸಿದಳು, ಹನಿ ಬಿಟ್ಟಳು, ತಿಕ್ಕಿದಳು, ಮೂಸಿದಳು. ಒಂದು ಶೀಷೆಯನ್ನು ಹಿಂದಕ್ಕೆ ಸರಿಸಿದಳು.

"ಇದ್ರಾಗ ಸೀಮೆಎಣ್ಣಿ ವಾಸನಿ ಐತ್ರಿ. ತೊಳದಾರ. ಇನ್ನೊಂದು ಚಲೋ ಐತಿ. ನಲವತ್ತರದ ಐತಿ. ತರ್ರಿ."

"ಬಿಡಿ ಎಣ್ಣಿ ಅದು. ನಾಳಿ ಏನರ ಆದ್ರ?"

"ಏನೂ ಆಗಂಗಿಲ್ಲ. ನಾ ಹೇಳ್ತೀನಿ, ತರ್ರಿ."

ಪಡಸಾಲೆಯಿಂದ ಅಜ್ಜಿಯ ದನಿ ಬಂತು.

"ತಾರಲೇ ಬಸ್ಯಾ, ತಾ. ಆಕಿ ಹೇಳ್ಯಾಳಲ್ಲ. ನಿನಗ ಮೀಸಿ ಯಾಕ ಬೇಕು, ಅದನ್ನೂ ಆಕಿಗೇ ಕೊಟ್ಟುಬಿಡು. ಮತ್ತ ಕೇಳಿಲ್ಲಿ. ಮಗಳು ಎತ್ತರಕ್ಕ ಬಂದಾಳ. ಹಾದಿ ಮ್ಯಾಗ ಬಿದ್ದು ಕಾರಿನ ಬುಡಕ ಹೊಳ್ಳಾಡತಾಳ. ಮಂದಿ ನೋಡತಾರ. ಅದನ್ನರ ಬಿಡಸು."

ಅಪ್ಪ ಎದ್ದು ಹೋಗಿ ಎಣ್ಣೆ ತಂದ. ನಾನು ಗೋಣಿಚೀಲ, ದಬ್ಬಣ ಹಿಡಿದು ಕಟ್ಟೆಯ ಮೇಲೆ ತಯಾರಾಗಿ ನಿಂತಿದ್ದೆ. ಅಪ್ಪ ನನ್ನ ಕೈಯಿಂದ ಚೀಲವನ್ನಷ್ಟೇ ಎಳೆದುಕೊಂಡ.

"ಇನ್ನ ಮ್ಯಾಗ ನೀ ಕೆಳಗ ಇಳಿಯೂದು ಬ್ಯಾಡ. ಒಳಗ ಹೋಗು."

ನಾನು ಒಳಗೆ ಹೋಗಲಿಲ್ಲ. ಕಟ್ಟೆಯ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತೆ. ಅಪ್ಪ ತಳದ ಬೋಲ್ಟು ಬಿಚ್ಚಿ ಹಳೆಯ ಎಣ್ಣೆಯನ್ನು ಬೋಗುಣಿಗೆ ಇಳಿಸಿದ. ಚಿಪ್ಪು ಬಿಚ್ಚಿದ, ಹಳೆಯ ಫಿಲ್ಟರ್ ತೆಗೆದು ಬೋಗುಣಿಗೆ ಹಾಕಿದ, ಹೊಸದನ್ನು ಹೊಸ ರಿಂಗಿನ ಸಮೇತ ಮೇಲಕ್ಕೆ ಕೂಡಿಸಿ ಬೋಲ್ಟು ಬಿಗಿದ. ಅವನು ಹೊರಗೆ ಬಂದು ಬಟ್ಟೆ ಝಾಡಿಸುವಾಗ ಕೇಳಿದೆ.

"ಅಪ್ಪಾ, ನನ್ನ ರಿಂಗು?"

"ಬಳಿ ಬೇಕಾದ್ರ ಬಳಿಗಾರ ಅದಾನ. ಎದ್ದು ಹೋಗ್ತಿಯೋ ಇಲ್ಲೋ!"

ಅಪ್ಪ ಹಾಗೆ ಯಾವತ್ತೂ ಕಿರುಚಿದವನಲ್ಲ. ಅವನು ಕೈ ತೊಳೆಯಲು ಬಚ್ಚಲಿಗೆ ಹೋದಾಗ ಬೋಗುಣಿಯಲ್ಲಿ ಕಡ್ಡಿ ಹಾಕಿ ಹುಡುಕಿದೆ. ಫಿಲ್ಟರನ್ನು ಎತ್ತಿ ಕೆಳಗೆ ನೋಡಿದೆ. ಕಾರಿನ ಸುತ್ತ ನೆಲ ನೋಡಿದೆ. ರಿಂಗು ಇರಲಿಲ್ಲ. ಇಲ್ಲಿಲ್ಲವೆಂದರೆ ಅದು ಇನ್ನೂ ಮೇಲೆಯೇ ಇದೆ, ಹೊಸದು ಅದರ ಮೇಲೆ ಕೂತಿದೆ. ಇದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮಕ್ಕಳಿಗೆ ಏನು ತಿಳಿಯುತ್ತದೆ ಎಂಬ ಸಮಾಧಾನ ನನಗಿಲ್ಲ. ಒಂಬತ್ತು ರಿಂಗು ತೆಗೆದ ಕೈ ನನ್ನದು. ಅಪ್ಪ ಹೊಸ ಎಣ್ಣೆ ಸುರಿದು ಇಂಜಿನ್ ಶುರು ಮಾಡಿದ. ಅದು ಎಂದಿನಂತೆ ಗುಡುಗುಟ್ಟಿತು, ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಎರಡು ರಿಂಗಿನ ಮೇಲೆ ಚಿಪ್ಪು ಬಿಗಿಯಾಗಿ ಕೂರುವುದಿಲ್ಲ, ನಾಳೆ ಸೋರುತ್ತದೆ, ಆಗ ನನ್ನನ್ನೇ ಕರೆಯಬೇಕಾಗುತ್ತದೆ, ಪಾರೂ ಬಾರವ್ವ ಅಂತ ಅಪ್ಪನೇ ಬರುತ್ತಾನೆ ಅಂದುಕೊಂಡೆ. ಆ ಆಸೆಗೆ ನಾನು ಬಾಯಿ ಮುಚ್ಚಿಕೊಂಡೆ. ಬೇವು ಬೆಲ್ಲ ತಿಂದ ದಿನವೂ ಮುಚ್ಚಿಕೊಂಡಿದ್ದೆ.

ಸೋರಿದ್ದು ಹಬ್ಬದ ಮೂರನೆಯ ದಿನ, ಮನೆಯ ಮುಂದೆ ಅಲ್ಲ. ಅಪ್ಪ ಸಿರುಗುಪ್ಪದಿಂದ ಬರುತ್ತ ಕುರುಗೋಡಿನಲ್ಲಿ ಒಬ್ಬರನ್ನು ಇಳಿಸಬೇಕಿತ್ತು. ನೆತ್ತಿಯ ಮೇಲಿನ ಬಿಸಿಲು. ಹಿಂದಿನ ಸೀಟಿನವರಿಗೆ ಅವಸರವಿತ್ತು, ಅಪ್ಪ ಜೋರಾಗಿ ಓಡಿಸಿದ್ದ. ಎಣ್ಣೆ ಇಳಿದದ್ದನ್ನು ತೋರಿಸುವ ಕೆಂಪು ದೀಪ ಯಾವಾಗ ಹತ್ತಿತೋ ಆ ಬೆಳಕಿನಲ್ಲಿ ಅವನಿಗೆ ಕಾಣಲಿಲ್ಲ. ಬಾದನಹಟ್ಟಿ ದಾಟಿದ ಮೇಲೆ ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದಾಯಿತಂತೆ, ಆಮೇಲೆ ಕಾರು ಇದ್ದಲ್ಲೇ ನಿಂತಿತಂತೆ. ಹಿಂದೆ ನೋಡಿದರೆ ರಸ್ತೆಯ ಉದ್ದಕ್ಕೂ ಎಣ್ಣೆಯ ಕರಿ ಗೆರೆ. ಎತ್ತು ಕಟ್ಟಿ ಕಾರನ್ನು ಕುರುಗೋಡಿಗೆ ಎಳೆಸಿದರು. ಅಲ್ಲಿ ಅಪ್ಪನಿಗೆ ಗೊತ್ತಿದ್ದ ಜಾಗ ಒಂದೇ, ಅವ್ವನ ತವರು. ಹೀಗೆ ನಮ್ಮ ಕಾರು ಗಾಣದ ಅಂಗಳಕ್ಕೆ ಬಂತು. ಮರುದಿನ ಬೆಳಿಗ್ಗೆ ಮೌಲಾ ಮಿಸ್ತ್ರಿ ಬಳ್ಳಾರಿಯಿಂದ ಬಸ್ಸಿಗೆ ಹೊರಟ. ಅವನ ಜೊತೆ ಅವ್ವನೂ ನಾನೂ ಹೋದೆವು.

ಆ ಅಂಗಳದಲ್ಲಿ ಗಾಣದ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತುತ್ತಿತ್ತು. ಅದರ ದಾರಿಯಿಂದ ಮಾರು ದೂರದಲ್ಲಿ ಕಾರು. ಅವ್ವ ಅಡುಗೆಮನೆಯಲ್ಲಿ ಅತ್ತಿಗೆಯರ ಜೊತೆ ಇದ್ದಳು. ಮೌಲಾ ಮಿಸ್ತ್ರಿ ಕೆಳಗೆ ಹೋಗಿ ಚಿಪ್ಪು ಬಿಚ್ಚಿದ. ಸ್ವಲ್ಪ ಹೊತ್ತು ಅವನ ಕಾಲುಗಳು ಅಲ್ಲಾಡಲಿಲ್ಲ. ಆಮೇಲೆ ಹೊರಗೆ ಬಂದು ಅಂಗೈ ಬಿಚ್ಚಿದ. ಎರಡು ರಿಂಗು, ಒಂದರ ಮೇಲೊಂದು ಅಂಟಿಕೊಂಡಿದ್ದವು. ಮೇಲಿನದು ಒಂದು ಕಡೆ ಜಾರಿ, ಹರಿದು, ನಾಲಗೆಯ ಹಾಗೆ ಹೊರಗೆ ಚಾಚಿತ್ತು.

"ಬಸಣ್ಣ ಭಾಯ್, ಹಳೇದು ತಗದೇ ಇಲ್ಲಲ್ಲೋ." ದನಿ ತೀರ ಸಣ್ಣದಿತ್ತು.

ಅಪ್ಪ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಮೂರು ಕಪ್ಪು ಬಳೆ ಇದ್ದವು. ಅವನು ರಿಂಗುಗಳನ್ನು ಮಿಸ್ತ್ರಿಯ ಅಂಗೈಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಅವ್ವನ ದೊಡ್ಡಣ್ಣ, ನನ್ನ ದೊಡ್ಡಮಾವ, ಎತ್ತನ್ನು ನಿಲ್ಲಿಸಿ ಬಂದ, ಹಿಂದೆ ಮನೆಯವರೆಲ್ಲ ಬಂದರು, ಅವ್ವ ಕೈಗೆ ಹತ್ತಿದ ಹಿಟ್ಟು ಉದುರಿಸುತ್ತ ಬಾಗಿಲಿಗೆ ಬಂದು ನಿಂತಳು.

"ಏನಾಗೇತ್ರಿ ಬಸಣ್ಣಾರ?" ದೊಡ್ಡಮಾವ ಕೇಳಿದ.

"ಹಿಡಕೊಂಡೈತಿ. ಇಂಜಿನ್ ಹೋತು," ಅಂದ ಅಪ್ಪ.

"ಅಲ್ರಿ, ಯಾಕಂತ?"

ಗಾಣ ನಿಂತಿತ್ತಾದ್ದರಿಂದ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ. ಅಪ್ಪ ನೆಲ ನೋಡುತ್ತ ಹೇಳಿದ.

"ಎಣ್ಣಿ ಕೆಟ್ಟಿತ್ತು."

ಗಾಣದ ಮನೆಯ ಅಂಗಳದಲ್ಲಿ, ಅವಳ ಅಣ್ಣಂದಿರೆದುರು. ಎಣ್ಣೆ ಯಾರು ಆರಿಸಿದ್ದು ಎಂದು ಯಾರೂ ಕೇಳಲಿಲ್ಲ. ಬಳ್ಳಾರಿಯಲ್ಲಿ ತಂಗಿ ಕಾರಿನ ಎಣ್ಣೆಯನ್ನೂ ನೋಡಿ ಹೇಳುತ್ತಾಳೆಂದು ಆ ಮನೆಯವರು ಹತ್ತು ಹನ್ನೆರಡು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೌಲಾ ಮಿಸ್ತ್ರಿ ಸ್ಪ್ಯಾನರನ್ನು ಒರೆಸತೊಡಗಿದ, ಒರೆಸಿದ್ದನ್ನೇ ಒರೆಸಿದ. ನಾನು ನನ್ನ ಕೈಗಳನ್ನು ಹಿಂದೆ ಇಟ್ಟುಕೊಂಡೆ. ಅವ್ವ ಮೆಟ್ಟಿಲಿಳಿದು ಬಂದು ಕಾರಿನ ಕೆಳಗೆ ಇನ್ನೂ ತೊಟ್ಟಿಕ್ಕುತ್ತಿದ್ದ ಎಣ್ಣೆಗೆ ಬೆರಳು ಒಡ್ಡಿದಳು. ತಿಕ್ಕಿದಳು. ಮತ್ತೆ ತಿಕ್ಕಿದಳು. ಮೂಗಿನ ಹತ್ತಿರ ಒಯ್ದಳು. ಅವಳ ಹುಬ್ಬು ಕೂಡಿದ್ದು, ಏನೋ ಹೇಳಲು ಬಾಯಿ ತೆರೆದದ್ದು ನನಗೆ ಕಂಡಿತು. ಆಮೇಲೆ ಅವಳು ತನ್ನ ಬೆರಳನ್ನೇ ನೋಡಿದಳು, ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ. ಗೋಡೆಗೆ ಒರೆಸಿ ಒಳಗೆ ಹೋದಳು. ಸುಣ್ಣದ ಗೋಡೆಯ ಮೇಲೆ ಎರಡು ಕರಿ ಗೀರು ಉಳಿದವು. ಮುಂದೆ ಎಷ್ಟೋ ವರ್ಷ, ನಾನು ಆ ಮನೆಗೆ ಹೋದಾಗಲೆಲ್ಲ, ಸುಣ್ಣದ ಕೆಳಗಿನಿಂದ ಅವು ತೆಳ್ಳಗೆ ಕಾಣುತ್ತಿದ್ದವು.

ಕಾರು ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಕುರುಗೋಡಿನಿಂದಲೇ ಅದನ್ನು ಯಾರಿಗೋ ಕೊಟ್ಟರು. ಅಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನ ಧಣಿಯೊಬ್ಬರ ಕಾರಿಗೆ ಡ್ರೈವರನಾಗಿ ಸೇರಿದ. ಮಿಲ್ಲಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು, ಅಲ್ಲೇ ಇರುತ್ತಿದ್ದ, ಅಮಾವಾಸ್ಯೆಗೆ ಮನೆಗೆ ಬರುತ್ತಿದ್ದ. ಬಂದರೆ ಕಟ್ಟೆಯ ಮೇಲೆ ಕೂತು ಕಾರು ನಿಲ್ಲುತ್ತಿದ್ದ ಜಾಗವನ್ನು ನೋಡುತ್ತಿದ್ದ. ಅಲ್ಲಿ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು, ಮಳೆ ಬಂದಾಗ ಅಷ್ಟು ಜಾಗದಲ್ಲಿ ಮಾತ್ರ ನೀರು ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಒಂದು ದಿನ ಅವ್ವ ಸಂತೆಗೆ ಹೋದಾಗ ನನ್ನ ಒಂಬತ್ತೂ ರಿಂಗುಗಳನ್ನು ಬಚ್ಚಲ ಒಲೆಗೆ ಹಾಕಿದೆ. ಆ ನಾತ ಮೂರು ದಿನ ಮನೆಯಲ್ಲಿ ಸುಳಿದಾಡಿತು. ಏನು ಸುಟ್ಟೆಯೇ ಎಂದು ಅವ್ವ ಕೇಳಿದಾಗ ಹಳೆಯ ಚಪ್ಪಲಿ ಅಂದೆ.

ಅವ್ವ ಎಣ್ಣೆ ಮುಟ್ಟಿ ನೋಡುವುದನ್ನು ಬಿಟ್ಟಳು. ಅದು ಒಮ್ಮೆಲೇ ಯಾರಿಗೂ ಗೊತ್ತಾಗಲಿಲ್ಲ. ಓಣಿಯ ಹೆಂಗಸರು ಮೊದಮೊದಲು ಶೀಷೆ ಹಿಡಿದು ಬಂದರು. ನಿನಗ ಚಲೋ ಅನಿಸಿದ್ರ ಚಲೋ ಐತಿ ಬಿಡವ್ವ ಎಂದು ಅವ್ವ ಕೈ ಮುಂದೆ ಮಾಡದೆಯೇ ಕಳಿಸುತ್ತಿದ್ದಳು. ಕೆಲವರಿಗೆ ಕಾರಿನ ಸುದ್ದಿ ಮೊದಲೇ ಮುಟ್ಟಿತ್ತು, ಅವರು ಬರಲೇ ಇಲ್ಲ. ಎಡಗಡೆಯ ಡಬ್ಬಿಗೆ ಅಂಗಡಿಯವನು ಕೊಟ್ಟಿದ್ದೇ ಎಣ್ಣೆ. ಒಂದು ಸಲ ಶೇಂಗಾ ಎಣ್ಣೆ ಕಮಟು ಬಂದದ್ದನ್ನು ನಾಲ್ಕು ದಿನ ತಿಂದೆವು. ಐದನೆಯ ದಿನ ಅಜ್ಜಿ ರೊಟ್ಟಿಯನ್ನು ತಾಟಿನಿಂದ ಆಚೆ ಸರಿಸಿದಳು.

"ಯಾಕವ್ವ, ಮೂಸಿ ನೋಡಬೇಕಿತ್ತಲ್ಲ? ಕಾರ್ ನುಂಗಿದ ಕೈ, ಒಂದ್ ಡಬ್ಬಿ ಎಣ್ಣಿ ನೋಡಾಕ ಬರಲಿಲ್ಲೇನು?"

ಅವ್ವ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದಳು. ಅಂದು ಅಮಾವಾಸ್ಯೆ. ಅಪ್ಪ ಎದುರಿಗೇ ಕೂತು ಉಣ್ಣುತ್ತಿದ್ದ. ತಲೆ ಎತ್ತಲಿಲ್ಲ. ನಾನು ಅವನ ಪಕ್ಕ ಕೂತಿದ್ದೆ. ನಾನೂ ಎತ್ತಲಿಲ್ಲ. ಆ ಒಂದು ವಿಷಯದಲ್ಲಿ ನಾನು ಅಪ್ಪನ ಮಗಳಾದೆ. ನಾವಿಬ್ಬರು ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆದರೆ ಅವನು ಬಂದ ದಿನಗಳಲ್ಲಿ ನಾನು ಅವನ ಎದುರು ಒಬ್ಬಳೇ ಇರುವುದನ್ನು ತಪ್ಪಿಸುತ್ತಿದ್ದೆ, ಅವನೂ ತಪ್ಪಿಸುತ್ತಿದ್ದ. ರಿಂಗು ಹೊರಗೆ ಬಂದಿಲ್ಲವೆಂದು ನಾನು ಮೊದಲೇ ಬಲ್ಲೆನೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ನನ್ನ ಭಯಕ್ಕೆ ಅಷ್ಟು ಅನುಮಾನ ಸಾಕಾಗಿತ್ತು. ಎರಡು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ಕುಕ್ಕುವವರಿಲ್ಲದ ಮನೆಯಲ್ಲಿ ಅವ್ವ ಇನ್ನೂ ಮೆತ್ತಗೆ ಓಡಾಡತೊಡಗಿದಳು.

ನನ್ನ ಮದುವೆ ಗೊತ್ತಾದಾಗ ನನಗೆ ಇಪ್ಪತ್ತೆರಡು. ಬಳೆಗಾರ ಬಂದು ಎರಡೂ ಕೈಗೆ ಹಸಿರು ಗಾಜಿನ ಬಳೆ ಇಟ್ಟುಹೋದ ಮರುದಿನ, ಬಾಗಿಲಿಗೆ ತೋರಣ ಕಟ್ಟಲು ಮೊಳೆ ಬೇಕಾಗಿ ಕೋಣೆಯಲ್ಲಿದ್ದ ಅಪ್ಪನ ಹಳೆಯ ಸಾಮಾನಿನ ಡಬ್ಬಿ ತೆಗೆದೆ. ಸ್ಪ್ಯಾನರುಗಳ ಕೆಳಗೆ, ತಳದಲ್ಲಿ, ಅರಿವೆಯ ಒಂದು ಗಂಟು. ಬಿಚ್ಚಿದರೆ ಆ ಎರಡು ರಿಂಗುಗಳು. ಅಂಟಿಕೊಂಡೇ ಇದ್ದವು, ಒಣಗಿ ಸೀಳು ಬಿಟ್ಟಿದ್ದವು. ನಾನು ನನ್ನವನ್ನು ಸುಟ್ಟಿದ್ದೆ. ಅಪ್ಪ ಇವನ್ನು ಎಸೆದಿರಲಿಲ್ಲ. ಯಾಕೆ ಇಟ್ಟುಕೊಂಡಿದ್ದನೋ ನನಗೆ ಇಂದಿಗೂ ತಿಳಿಯದು. ಅವನ್ನು ಸೆರಗಿನಲ್ಲಿ ಹಿಡಿದು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕ ನೆಲದ ಮೇಲೆ ಅದನ್ನಿಟ್ಟು, ಕಟ್ಟೆಯ ಮೇಲೆ ಕೂತ ದಿನದಿಂದ ಹಿಡಿದು ಗಾಣದ ಅಂಗಳದವರೆಗೆ ಎಲ್ಲ ಹೇಳಿದೆ. ನನಗೆ ಗೊತ್ತಿತ್ತೆಂಬುದನ್ನೂ ಬಿಡದೆ ಹೇಳಿದೆ. ನಡುವೆ ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ, ರೊಟ್ಟಿ ಬಡಿಯುವುದನ್ನು ಮಾತ್ರ ನಿಲ್ಲಿಸಿದ್ದಳು. ತವೆಯ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂದಾಗ ತೆಗೆದು ಪಕ್ಕಕ್ಕಿಟ್ಟಳು.

"ಮೌಲಾಣ್ಣಗೂ ಗೊತ್ತಿತ್ತಾ?"

"ಹೂಂ."

"ನಿಮ್ಮಪ್ಪಗ ಗೊತ್ತಿತ್ತು. ನಿನಗ ಮೊದಲ ಗೊತ್ತಿತ್ತು."

"ಅವ್ವಾ, ನಾ ಸಣ್ಣಾಕಿ..."

"ನನ್ನ ಬೆರಳಿಗೂ ಗೊತ್ತಿತ್ತಲ್ಲೇ ಪಾರೂ." ಅವಳು ಹಿಟ್ಟು ಮೆತ್ತಿದ ಬಲಗೈಯನ್ನು ಮಡಿಲಿನಲ್ಲಿಟ್ಟು ನೋಡಿಕೊಂಡಳು. "ಆ ಅಂಗಳದಾಗ ಮುಟ್ಟಿದಾಗ ಎಣ್ಣಿ ಚಲೋ ಐತಿ ಅಂತು. ನಾನ ಬಾಯಿ ಮುಚ್ಚಿಸಿದೆ. ಇಷ್ಟು ವರ್ಷ ಸುಳ್ಳ ಅದನ್ನ ಬಯ್ದೆ."

ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಎದ್ದು ಕೈ ತೊಳೆದುಕೊಂಡು, ರಿಂಗುಗಳನ್ನು ಮತ್ತೆ ಅರಿವೆಯಲ್ಲಿ ಕಟ್ಟಿ, ಇದ್ದಲ್ಲೇ ಇಟ್ಟು ಬಾ ಅಂದಳು. ನಾನು ಇಟ್ಟು ಬರುವಷ್ಟರಲ್ಲಿ ಅಪ್ಪ ಮಂಟಪದ ಕಂಬ ನೆಡುವವರ ಜೊತೆ ಮಾತು ಮುಗಿಸಿ ಊಟಕ್ಕೆ ಬಂದಿದ್ದ. ಮದುವೆಗೆಂದು ಹದಿನೈದು ದಿನ ರಜೆ ಹಾಕಿ ಬಂದವನು, ಮುಖ ಆಗ ಎಷ್ಟೋ ಹಗುರಾಗಿತ್ತು. ತಾಟಿನ ಮುಂದೆ ಕೂತು ನನಗೂ ಕೂರಲು ಹೇಳಿದ. ಅವ್ವ ಎರಡು ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು, ಒಂದು ಮೂಲೆಗೆ ಶೇಂಗಾ ಚಟ್ನಿಪುಡಿ ಹಾಕಿದಳು. ಚಟ್ನಿಗೆ ಬೆರಳಿನಿಂದ ಗುಳಿ ಮಾಡಿಕೊಂಡು 'ಎಣ್ಣಿ' ಅಂದ ಅಪ್ಪ. ಅವ್ವ ಎಡಗಡೆಯ ಡಬ್ಬಿಯನ್ನು ಹಲಗೆಯಿಂದ ಇಳಿಸಿ ತಂದಳು. ಚಮಚ ತುಂಬಿದಳು. ಅದನ್ನು ಅಪ್ಪನ ತಾಟಿನ ಮೇಲೆ ಹಿಡಿದು, ಸುರಿಯಲಿಲ್ಲ. ಇನ್ನೊಂದು ಕೈಯ ಹೆಬ್ಬೆರಳನ್ನು ಚಮಚಕ್ಕೆ ಅದ್ದಿ, ತೋರುಬೆರಳು ಕೂಡಿಸಿ, ಮೆಲ್ಲಗೆ ತಿಕ್ಕಿದಳು. ಅಗಲಿಸಿದಳು, ಕೂಡಿಸಿದಳು. ಮೂಗಿನ ಹತ್ತಿರ ಹಿಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು.

"ಎಣ್ಣಿ ಚಲೋ ಐತ್ರಿ," ಅಂದಳು. "ಆವತ್ತಿಂದೂ ಚಲೋ ಇತ್ತು."

ಆಮೇಲೆ ಚಟ್ನಿಯ ಗುಳಿ ತುಂಬುವ ತನಕ ಸುರಿದಳು. ಅಪ್ಪನ ಕೈ ತಾಟಿನ ಅಂಚಿನಲ್ಲಿ ನಿಂತಿತ್ತು. ಎಣ್ಣೆ ಗುಳಿ ತುಂಬಿ, ಹೊರಗೆ ಹರಿದು, ಮೆಲ್ಲಗೆ ರೊಟ್ಟಿಯ ಅಂಚು ಮುಟ್ಟುವುದನ್ನು ಅವನು ನೋಡುತ್ತಿದ್ದ. ಬಹಳ ಹೊತ್ತಾದ ಮೇಲೆ ಒಂದು ತುತ್ತು ಮುರಿದ. ಅದನ್ನು ಬಾಯಿಗಿಡುವ ಮೊದಲು ಅವ್ವನನ್ನಲ್ಲ, ನನ್ನನ್ನು ನೋಡಿದ. ಮೊಣಕೈಯವರೆಗೆ ನನಗೆ ಹಸಿರು ಬಳೆಗಳಿದ್ದವು. ಅವು ಸದ್ದು ಮಾಡದ ಹಾಗೆ ನಾನು ಎರಡೂ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಕೂತಿದ್ದೆ.